ಅಚ್ಚಾದ ಹನ್ನೊಂದು ಹೆಸರು

ನಾನು ಲಗ್ನಪತ್ರಿಕೆ ಅಚ್ಚು ಹಾಕುವವನು. ಚಾಮರಾಜಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಮೇಲಿನಿಂದ ಇದೇ ಕಸುಬು. ಬೇರೇನೂ ಬರದಿದ್ದರೂ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು, ಹೆಸರುಗಳ ಪಟ್ಟಿಯ ಜೊತೆ ಹುಡುಗಾಟ ಆಡಬಾರದು. ಪತ್ರಿಕೆಯ ಕೊನೆಯಲ್ಲಿ 'ತಮ್ಮ ಸುಖಾಗಮನ ಬಯಸುವವರು' ಎಂದು ಬರುತ್ತದಲ್ಲ, ಅಲ್ಲಿ ಚಿಕ್ಕ ಸೋದರಮಾವನ ಹೆಸರು ದೊಡ್ಡ ಸೋದರಮಾವನಿಗಿಂತ ಒಂದು ಸಾಲು ಮೇಲೆ ಹೋಯಿತೆಂದು ಎರಡು ಮನೆಯವರು ನನ್ನ ಪ್ರೆಸ್ಸಿನ ಬಾಗಿಲಲ್ಲೇ ಕಿತ್ತಾಡಿದ್ದನ್ನು ನೋಡಿದ್ದೇನೆ. ಇನ್ನೊಂದು ಸಲ ಯಾರೋ ಅತ್ತೆಯ ಹೆಸರು ಬಿಟ್ಟುಹೋಗಿ, ಆ ಮದುವೆಗೆ ಅವರ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ಅದಕ್ಕೇ ನನ್ನದೊಂದು ಕಟ್ಟುನಿಟ್ಟು. ಪ್ರೂಫ್ ನೋಡಿ, ಸರಿಯಿದೆ ಎಂದು ಸಹಿ ಹಾಕಿದ ಮೇಲೆ ಸಾಕ್ಷಾತ್ ಮದುವೆ ಗಂಡೇ ಬಂದು ಕೇಳಿಕೊಂಡರೂ ಒಂದಕ್ಷರ ಮುಟ್ಟುವುದಿಲ್ಲ.

ಇಂಥವನನ್ನು ತಂದು ಒಂದು ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಮಾಡಿದರೆ ಏನಾಗಬೇಕೋ ಅದೇ ಆಯಿತು.

ಟಿವಿಯಲ್ಲಿ ತೋರಿಸುವ ವಿದೇಶದ ಕ್ಲಬ್ಬುಗಳಲ್ಲಿ ಮ್ಯಾನೇಜರ್ ಎಂದರೆ ಆಟಗಾರರನ್ನು ಆರಿಸುವ ದೊಡ್ಡ ಮನುಷ್ಯ. ನಮ್ಮಲ್ಲಿ ಹಾಗಲ್ಲ, ಆರಿಸುವುದು ಕೋಚ್. ಮ್ಯಾನೇಜರ್ ಎಂದರೆ ಬಸ್ಸಿಗೆ ಹೇಳುವವನು, ನೀರು ತರಿಸುವವನು, ಜೆರ್ಸಿ ಒಗೆಯಲು ಹಾಕಿಸುವವನು, ಮ್ಯಾಚಿಗೆ ಮುಂಚೆ ಆಡುವವರ ಪಟ್ಟಿಗೆ ಸಹಿ ಹಾಕಿ ಉಸ್ತುವಾರಿಗೆ ಬರುವ ಮ್ಯಾಚ್ ಕಮಿಷನರ್ ಕೈಗೆ ಕೊಡುವವನು. ಚಾಮರಾಜಪೇಟೆ, ಬಸವನಗುಡಿ ಕಡೆಯ ನಾವೊಂದಿಷ್ಟು ಹಳೆಯ ಆಟಗಾರರು ಸೇರಿ ಕಟ್ಟಿಕೊಂಡ ಕ್ಲಬ್ಬು ಅದು. ಕೆಲವು ವರ್ಷಗಳ ಕೆಳಗೆ ಪ್ರಾಯೋಜಕರು ಸಿಕ್ಕಿದರು. ಆಟಗಾರರಿಗೆ ಸಂಬಳ, ಕರಾರು ಎಲ್ಲ ಬಂದು ವೃತ್ತಿಪರ ಲೀಗಿನಲ್ಲಿ ಆಡುವಂತಾಯಿತು. ಎಲ್ಲ ಕೆಲಸಕ್ಕೂ ಹೊಸಬರು ಬಂದರು. ಮ್ಯಾನೇಜರ್ ಕೆಲಸ ಮಾತ್ರ ಯಾರಿಗೂ ಬೇಡವಾಗಿ ನನ್ನ ತಲೆಗೇ ಉಳಿಯಿತು. ಸುಳ್ಳೇಕೆ ಹೇಳಲಿ, ನನಗೂ ಬಿಡಲು ಮನಸ್ಸಿರಲಿಲ್ಲ.

ಆಗ ಇದ್ದ ಕೋಚ್ ನನ್ನ ವಯಸ್ಸಿನವರು, ನನ್ನಂಥವರೇ. ಅವರ ಕೈಕೆಳಗೆ ಮೂರು ಸೀಸನ್ ಅದೇ ಹನ್ನೊಂದು ಜನ ಆಡಿದರು. ಮೂಳೆ ಮುರಿದರೆ ಅಥವಾ ರೆಫ್ರಿ ಕೆಂಪು ಕಾರ್ಡ್ ತೋರಿಸಿದರೆ ಮಾತ್ರ ಒಬ್ಬ ಹೊರಗೆ, ಇನ್ನೊಬ್ಬ ಒಳಗೆ. ಯಾರು ಯಾರಿಗೆ ಪಾಸ್ ಕೊಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಪ್ರತಿ ಮ್ಯಾಚಿಗೂ ಅದೇ ಹೆಸರುಗಳನ್ನು ಕೈಯಲ್ಲಿ ಬರೆದು ಬರೆದು ನನಗೆ ಸಾಕಾಯಿತು. ಪ್ರೆಸ್ಸು ಇಟ್ಟುಕೊಂಡವನು ಯಾಕೆ ಬರೆಯಬೇಕು? ಲೀಗಿನವರು ಕೊಟ್ಟ ನಮೂನೆಯನ್ನೇ ಅಚ್ಚುಕಟ್ಟಾಗಿ ಜೋಡಿಸಿ, ಮೇಲೆ ಆಡುವ ಹನ್ನೊಂದು ಜನ, ಕೆಳಗೆ ಬೆಂಚಿನಲ್ಲಿ ಕೂರುವ ಬದಲಿ ಆಟಗಾರರು, ಎಲ್ಲರ ಹೆಸರೂ ಸೇರಿಸಿ ಒಂದು ಕಟ್ಟು ಅಚ್ಚು ಹಾಕಿಸಿಬಿಟ್ಟೆ. ಸೀಸನ್ ಶುರುವಾಗುವ ಮೊದಲೇ ಒಂದು ಭಾನುವಾರ ಕೂತು ಎಲ್ಲ ಹಾಳೆಗಳ ಮೇಲೂ ತಾರೀಖು, ಎದುರಾಳಿ ತಂಡ ತುಂಬಿ, ಸಹಿಯನ್ನೂ ಮಾಡಿ, ಫೈಲಿನಲ್ಲಿ ಒಂದರ ಹಿಂದೆ ಒಂದು ಇಡುತ್ತಿದ್ದೆ. ಮ್ಯಾಚಿನ ದಿನ ಮೇಲಿನ ಹಾಳೆ ತೆಗೆದು ಕೊಟ್ಟರಾಯಿತು. ಬೇರೆ ಕ್ಲಬ್ಬಿನ ಮ್ಯಾನೇಜರುಗಳು ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನನಗದು ಬಹಳ ಹೆಮ್ಮೆ.

ಆ ಹಾಳೆಯಲ್ಲಿ ಮೊದಲನೇ ಹೆಸರು ನಮ್ಮ ಗೋಲ್‌ಕೀಪರನದು. ಮೂವತ್ನಾಲ್ಕರ ಗಟ್ಟಿ ಆಳು, ತಂಡಕ್ಕೆಲ್ಲ ಹಿರಿಯ. ಬೆಂಚಿನ ಸಾಲಿನಲ್ಲಿ ಮೊದಲನೆಯದು, ಎಂದರೆ ಒಟ್ಟು ಲೆಕ್ಕದಲ್ಲಿ ಹನ್ನೆರಡನೆಯದು, ಎರಡನೇ ಕೀಪರನದು. ಇಪ್ಪತ್ತೊಂಬತ್ತು ವರ್ಷ, ನೀಳ ಕೈಗಳು, ಮೆತ್ತಗಿನ ಮಾತು. ನಾನು ಮನಸ್ಸಿನಲ್ಲೇ ಅವನನ್ನು ಹನ್ನೆರಡನೆಯವನು ಎಂದೇ ಕರೆಯುತ್ತಿದ್ದೆ. ಮೂರು ಸೀಸನ್ನಿನಲ್ಲಿ ಅವನು ಒಂದು ಮ್ಯಾಚೂ ಆಡಿರಲಿಲ್ಲ. ಬೇರೆ ಜಾಗದಲ್ಲಿ ಆಡುವವರಿಗೆ ಕೊನೆಯ ಹತ್ತು ನಿಮಿಷವಾದರೂ ಸಿಗುತ್ತದೆ. ಕೀಪರಿಗೆ ಅದೂ ಇಲ್ಲ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು, ಎಲ್ಲರಿಗಿಂತ ಹೆಚ್ಚು ಬಿದ್ದು ಎದ್ದು, ಮ್ಯಾಚಿನ ದಿನ ಗ್ಲೌಸ್ ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದ.

ಅವನ ತಾಯಿ ನನ್ನ ಪ್ರೆಸ್ಸಿನಿಂದ ಎರಡು ತಿರುವು ಆಚೆ ಸೊಪ್ಪು ಮಾರುತ್ತಾರೆ. ಬೆಳಿಗ್ಗೆ ಪ್ರೆಸ್ಸಿಗೆ ಬರುವಾಗ ದಂಟು, ಮೆಂತ್ಯ, ಸಬ್ಬಸಿಗೆ ಏನಾದರೊಂದು ಅವರ ಹತ್ತಿರ ತೆಗೆದುಕೊಳ್ಳುತ್ತೇನೆ. ಮ್ಯಾಚ್ ಇರುವ ವಾರ ಅವರದು ಒಂದೇ ಪ್ರಶ್ನೆ.

"ಈ ಸಲ ಇದಾನಾ ಅಣ್ಣಾ?"

"ಇದಾನಮ್ಮ, ಲಿಸ್ಟಲ್ಲಿ ಇದಾನೆ," ಎನ್ನುತ್ತಿದ್ದೆ.

ಅದು ಸುಳ್ಳಲ್ಲ, ಅಚ್ಚು ಹಾಕಿದವನೇ ನಾನು. ಆಯಮ್ಮನಿಗೂ ಅದರ ಅರ್ಥ ಗೊತ್ತಿತ್ತು. ಒಂದು ಕ್ಷಣ ಸೊಪ್ಪಿನ ಮೇಲೆ ನೀರು ಚಿಮುಕಿಸಿ, ಆಮೇಲೆ ಬೇರೆ ಮಾತು ತೆಗೆಯುತ್ತಿದ್ದರು. ಮೂರು ವರ್ಷ ಈ ಒಂದು ಪ್ರಶ್ನೆ, ಈ ಒಂದು ಉತ್ತರ. ನನಗೆ ಅದರಲ್ಲಿ ಏನೂ ತಪ್ಪು ಕಾಣಿಸಿರಲಿಲ್ಲ.

ಹಳೆಯ ಕೋಚ್ ಬಿಟ್ಟುಹೋದ ಮೇಲೆ ಹೊಸಬರು ಬಂದರು. ಓಕಳಿಪುರಂನಲ್ಲಿ ಬೆಳೆದು, ಬೇರೆ ರಾಜ್ಯಗಳಲ್ಲೆಲ್ಲ ಆಡಿ ಬಂದವರು, ಇನ್ನೂ ನಲವತ್ತು ಮುಟ್ಟಿರಲಿಲ್ಲ. ಆ ಸೀಸನ್ನಿನಲ್ಲಿ ಲೀಗಿನವರು ಎಂಟು ದಿನಕ್ಕೆ ಮೂರು ಮ್ಯಾಚಿನಂತೆ ಒತ್ತೊತ್ತಾಗಿ ತುರುಕಿದ್ದರು. ಹೊಸ ಕೋಚ್ ಮೊದಲ ವಾರವೇ ಹೇಳಿಬಿಟ್ಟರು, ಇನ್ನು ಮೇಲೆ ಖಾಯಂ ಹನ್ನೊಂದು ಅನ್ನುವುದು ಇರುವುದಿಲ್ಲ, ಸರದಿಯ ಮೇಲೆ ಎಲ್ಲರೂ ಆಡುತ್ತಾರೆ, ಎಲ್ಲರೂ ಕೂರುತ್ತಾರೆ ಎಂದು. ನನಗೆ ಮೈ ಉರಿಯಿತು. ಅಲ್ಲ, ಮೂರು ವರ್ಷ ಕಷ್ಟಪಟ್ಟು ಹೊಂದಿಕೊಂಡ ತಂಡವನ್ನು ಪೆಟ್ಟಿಗೆಯೊಳಗಿನ ಅಚ್ಚಿನ ಮೊಳೆಗಳ ಥರ ಕಲಸುತ್ತೀನಿ ಅಂದರೆ ಏನರ್ಥ? ಹೋಗಿ ವಾದ ಮಾಡಿದೆ. ಅವರು ಲ್ಯಾಪ್‌ಟಾಪ್ ತೆಗೆದು ಯಾರು ಯಾವ ಮ್ಯಾಚಿನಲ್ಲಿ ಎಷ್ಟು ಓಡಿದ್ದಾರೆ, ಕೊನೆಯ ಇಪ್ಪತ್ತು ನಿಮಿಷ ಎಷ್ಟು ನಿಧಾನವಾಗಿದ್ದಾರೆ ಎಂದು ತೋರಿಸಿದರು. ನಾನು ಕನ್ನಡಕ ಮರೆತಿದ್ದೇನೆ ಎಂದು ಹೇಳಿ ಎದ್ದುಬಂದೆ. ಕನ್ನಡಕ ಜೇಬಿನಲ್ಲೇ ಇತ್ತು.

ಹೀಗೆ ಎರಡು ಬದಲಾವಣೆ, ಮೂರು ಬದಲಾವಣೆ ಎಂದು ನಡೆಯಿತು. ಕೆಲವು ಗೆದ್ದೆವು, ಕೆಲವು ಸೋತೆವು. ಕೂತವರು ಮುಖ ಊದಿಸಿಕೊಂಡರು, ಅದರಲ್ಲೂ ಹಿರಿಯರು. ನಾನು ಅವರ ಪಕ್ಷ. ಪ್ರತಿ ಮ್ಯಾಚಿಗೂ ಕೋಚ್ ಕಳಿಸಿದ ಹೊಸ ಪಟ್ಟಿಯನ್ನು ಖಾಲಿ ನಮೂನೆಯ ಮೇಲೆ ಕೈಯಲ್ಲಿ ಬರೆಯುತ್ತಿದ್ದೆ. ಆದರೆ ಆ ಸೀಸನ್ನಿಗೂ ಮೊದಲೇ ತುಂಬಿ ಸಹಿ ಹಾಕಿಟ್ಟಿದ್ದ ಅಚ್ಚಿನ ಹಾಳೆಗಳಲ್ಲಿ ಮುಗಿದ ಮ್ಯಾಚಿನದನ್ನು ಬಿಟ್ಟರೆ ಬೇರೆ ಯಾವುದನ್ನೂ ಫೈಲಿನಿಂದ ತೆಗೆಯಲಿಲ್ಲ. ಈ ಹುಚ್ಚಾಟ ಎಷ್ಟು ದಿನ ನಡೆಯುತ್ತೆ, ತಿಂಗಳು ಕಳೆದರೆ ಮತ್ತೆ ನನ್ನ ಹಾಳೆಗೇ ಬರಬೇಕು ಎಂದು ಒಳಗೊಳಗೇ ಕಾಯುತ್ತಿದ್ದೆ.

ಒಂದು ಬುಧವಾರ ಕೋಚ್ ಪ್ರೆಸ್ಸಿಗೇ ಬಂದರು. ಶನಿವಾರದ ಮ್ಯಾಚಿಗೆ ಕೀಪರನ್ನೂ ಬದಲಾಯಿಸುತ್ತೇನೆ ಎಂದರು. ನನಗೆ ನಗುವೋ ಸಿಟ್ಟೋ ತಿಳಿಯಲಿಲ್ಲ. ಬೇರೆಯವರು ಓಡಿ ಸುಸ್ತಾಗುತ್ತಾರೆ, ಒಪ್ಪೋಣ. ಕೀಪರ್ ಎಲ್ಲಿಗೆ ಓಡುತ್ತಾನೆ? ಎರಡು ಕಂಬದ ನಡುವೆ ನಿಂತಿರುವವನಿಗೆ ಎಂಥ ಸುಸ್ತು? ಪ್ರಪಂಚದಲ್ಲಿ ಯಾರೂ ಸುಮ್ಮನೆ ಕೀಪರನ್ನು ಬದಲಾಯಿಸುವುದಿಲ್ಲ ಸಾರ್ ಎಂದೆ. ಅವರು ನನ್ನ ಮೇಜಿನ ಮೇಲಿದ್ದ ಲಗ್ನಪತ್ರಿಕೆಯ ನಮೂನೆಗಳನ್ನು ಪಕ್ಕಕ್ಕೆ ಸರಿಸಿದರು.

"ನೀವು ಗಮನಿಸಿದೀರಾ ಸಾರ್? ಮುಂಚೆ ನಮ್ಮ ಕೀಪರ್ ಬಾಲ್ ಹಿಡಿದ ತಕ್ಷಣ ಕೈಯಲ್ಲೇ ಅರ್ಧ ಮೈದಾನ ಎಸೀತಿದ್ರಂತೆ. ನಾನು ಬಂದಾಗಿಂದ ಒಂದ್ಸಲಾನೂ ಎಸೆದಿಲ್ಲ. ಒದೀತಾರೆ, ಇಲ್ಲಾ ಉರುಳಿಸ್ತಾರೆ."

ವಯಸ್ಸಾಯಿತು, ಆಟ ಬದಲಾಗುತ್ತೆ ಎಂದೆ. ಅವನ ಪ್ರತಿಯೊಂದು ಮ್ಯಾಚನ್ನೂ ನೋಡಿದವನು ನಾನು. ನಿನ್ನೆ ಮೊನ್ನೆ ಬಂದ ಇವರು ನನಗೆ ಹೇಳಿಕೊಡಬೇಕೇ?

ಎದ್ದು ಹೊರಡುವಾಗ ಕೋಚ್ ಇನ್ನೊಂದು ವಿಷಯ ಹೇಳಿದರು. ಹನ್ನೆರಡನೆಯವನು ಅವರ ಬಳಿ ಬಂದಿದ್ದನಂತೆ. ಕಲಾಸಿಪಾಳ್ಯದಲ್ಲಿ ಅವನ ಮಾವನ ತರಕಾರಿ ಮಂಡಿ ಇದೆ. ನೋಡಿಕೊಳ್ಳಲು ಜನ ಬೇಕು, ಎರಡು ವರ್ಷದಿಂದ ಕರೆಯುತ್ತಿದ್ದಾರೆ. ಈ ಸೀಸನ್ನಿನಲ್ಲಿ ಒಂದಾದರೂ ಮ್ಯಾಚ್ ಸಿಕ್ಕರೆ ಇರುತ್ತೇನೆ, ಇಲ್ಲದಿದ್ದರೆ ಗ್ಲೌಸ್ ಕಳಚಿಟ್ಟು ಮಂಡಿಗೆ ಹೋಗುತ್ತೇನೆ ಎಂದನಂತೆ. ಜಗಳದ ಮಾತಲ್ಲ. ಮುಂದೆ ಮಗಳು ಕೇಳಿದರೆ ನಾನೂ ಆಡಿದ್ದೆ ಎಂದು ಹೇಳುವುದಕ್ಕೆ ಒಂದು ಮ್ಯಾಚ್ ಬೇಕಿತ್ತು, ಅಷ್ಟೇ ಎಂದನಂತೆ. ನಾನೂ ಒಂದು ಕಾಲದಲ್ಲಿ ಆರು ವರ್ಷ ಎಡೆಬಿಡದೆ ಬಲಬದಿಯ ರಕ್ಷಣೆಗೆ ರೈಟ್ ಬ್ಯಾಕ್ ಆಗಿ ಆಡಿದವನು. ಅಷ್ಟೂ ವರ್ಷ ನನ್ನ ಜಾಗಕ್ಕೆ ಬೆಂಚಿನಲ್ಲಿ ಕಾಯುತ್ತಿದ್ದವನು ಯಾರು ಎಂದು ಆ ಸಂಜೆ ನೆನಪು ಮಾಡಿಕೊಳ್ಳಲು ನೋಡಿದೆ. ಮುಖ ಕೂಡ ನೆನಪಿಗೆ ಬರಲಿಲ್ಲ.

ಮಾರನೇ ದಿನ ಸೊಪ್ಪಿನ ಅಂಗಡಿಯ ಮುಂದೆ ನಿಂತಾಗ ಆಯಮ್ಮ ಕೇಳುವ ಮೊದಲೇ ಹೇಳಿದೆ, ಶನಿವಾರ ನಿಮ್ಮ ಮಗ ಆಡ್ತಾನಮ್ಮ, ಬೆಂಚಲ್ಲಲ್ಲ, ಒಳಗೆ. ಆಯಮ್ಮ ಕಟ್ಟುತ್ತಿದ್ದ ಪಾಲಕ್ ಕಂತೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು. ಮೊದಲ ಸಲ ಬೇರೆ ಪ್ರಶ್ನೆ ಕೇಳಿದರು, ನಾನು ಬಂದರೆ ಒಳಗೆ ಬಿಡ್ತಾರಾ ಎಂದು. ನಾನೇ ಕರೆದುಕೊಂಡು ಹೋಗಿ ಕೂರಿಸುತ್ತೇನೆ ಎಂದು ಮಾತು ಕೊಟ್ಟೆ.

ಶುಕ್ರವಾರ ಕೋಚ್ ಕಳಿಸಿದ ಪಟ್ಟಿಯನ್ನು ನೋಡಿಕೊಂಡು, ಮೊದಲ ಸಾಲಿನಲ್ಲಿ ಹನ್ನೆರಡನೆಯವನ ಹೆಸರು ಬರೆದೆ. ಮುದ್ದಾಗಿಯೇ ಬರೆದೆ. ಫೈಲಿನಲ್ಲಿಟ್ಟೆ. ಅದೇ ಫೈಲಿನಲ್ಲಿ, ಅದರ ಮೇಲೆಯೇ, ಅದೇ ಶನಿವಾರದ ತಾರೀಖು, ಅದೇ ಎದುರಾಳಿ, ನನ್ನ ಸಹಿ ಎಲ್ಲ ಇದ್ದ ಅಚ್ಚಿನ ಹಾಳೆಯೂ ಇತ್ತು.

ಮ್ಯಾಚ್ ಮಧ್ಯಾಹ್ನ ಮೂರೂವರೆಗೆ. ಪಟ್ಟಿಯನ್ನು ಒಂದೂಕಾಲು ಗಂಟೆ ಮುಂಚೆ ಕೊಡಬೇಕು ಎಂಬುದು ನಿಯಮ. ಎರಡು ಗಂಟೆಯ ಹೊತ್ತಿಗೆ ನಾನು ಕಮಿಷನರ್ ಕೋಣೆಯ ಹತ್ತಿರವೇ ಇದ್ದೆ. ಅಷ್ಟರಲ್ಲಿ ಗೇಟಿನಿಂದ ಫೋನ್ ಬಂತು. ಆಯಮ್ಮ ಬಂದಿದ್ದರು, ಸೆಕ್ಯುರಿಟಿಯವನು ತಡೆದಿದ್ದ. ಓಡಿದೆ. ನೋಡಿದರೆ ಹೊಸ ಸೀರೆ ಉಟ್ಟುಕೊಂಡು, ತಲೆಗೆ ಕನಕಾಂಬರ ಮುಡಿದು, ಕೈಯಲ್ಲಿ ಬಟ್ಟೆ ಚೀಲ. ಚೀಲದಲ್ಲಿ ಹತ್ತು ನಿಂಬೆಹಣ್ಣು. ಮಗನಿಗೆ ದೃಷ್ಟಿ ತೆಗೆಯಲು ಒಂದು, ಮಿಕ್ಕಿದ್ದು ಹುಡುಗರಿಗೆಲ್ಲ ಪಾನಕಕ್ಕೆ ಎಂದು ತಂದಿದ್ದರು. ನಿಂಬೆಹಣ್ಣನ್ನು ಮೈದಾನಕ್ಕೆ ಎಸೆಯುತ್ತಾರೆ ಸಾರ್, ಒಳಗೆ ಬಿಡೋ ಹಾಗಿಲ್ಲ ಎಂದು ಸೆಕ್ಯುರಿಟಿಯವನ ಹಟ. ಅವನ ಜೊತೆ ಜಗಳವಾಡಿ, ಚೀಲವನ್ನು ಗೇಟಿನಲ್ಲೇ ಇಡಿಸಿ, ಒಂದೇ ಒಂದು ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಳ್ಳಲು ಒಪ್ಪಿಸಿ, ಅವರನ್ನು ಸ್ಟ್ಯಾಂಡಿನಲ್ಲಿ ಕೂರಿಸಿ ವಾಪಸ್ಸು ಓಡಿ ಬರುವಷ್ಟರಲ್ಲಿ ಸಮಯ ಆಗಿಹೋಗಿತ್ತು. ಕಮಿಷನರ್ ಗಡಿಯಾರ ನೋಡುತ್ತ ನಿಂತಿದ್ದರು. ಫೈಲು ಬಿಚ್ಚಿದೆ, ಮೇಲಿದ್ದ ಹಾಳೆ ತೆಗೆದೆ, ಕೊಟ್ಟೆ. ಹೊರಗೆ ಬಂದು ಬೆವರು ಒರೆಸಿಕೊಂಡೆ.

ಇಪ್ಪತ್ತು ನಿಮಿಷ ಬಿಟ್ಟು ಕೋಚ್ ಬಂದರು. ಅವರ ಕೈಯಲ್ಲಿ ಕಮಿಷನರ್ ಹಂಚಿದ ಪ್ರತಿ. ಕೂಗಾಡಲಿಲ್ಲ. ಹಾಳೆಯನ್ನು ನನ್ನ ಮುಂದೆ ಹಿಡಿದರು, ಅಷ್ಟೇ. ಅಚ್ಚುಕಟ್ಟಾದ ಅಕ್ಷರ, ಒಂದೂ ತಪ್ಪಿಲ್ಲ. ಮೇಲೆ ಹಳೆಯ ಹನ್ನೊಂದು ಹೆಸರು. ಹನ್ನೆರಡನೆಯವನು ಹನ್ನೆರಡನೇ ಜಾಗದಲ್ಲೇ ಇದ್ದ.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಮೂರು ವರ್ಷದ ಅಭ್ಯಾಸ, ಅವಸರದಲ್ಲಿ ಕೈ ತಾನಾಗಿ ತೆಗೆದುಕೊಟ್ಟಿತು ಎಂದು ಕೋಚಿಗೆ ಹೇಳಿದೆ. ಇವತ್ತಿಗೂ ಎಲ್ಲರಿಗೂ ಹಾಗೇ ಹೇಳುತ್ತೇನೆ. ಆದರೆ ಇಲ್ಲಿ ನಿಜ ಬರೆಯಬೇಕು. ಆ ಹಾಳೆಗಳನ್ನು ಫೈಲಿನಲ್ಲಿ ಉಳಿಸಿಕೊಂಡಿದ್ದು ಕೈಯಲ್ಲ, ನಾನು.

ಕಮಿಷನರ್ ಬಳಿ ಹೋಗಿ ಬೇಡಿಕೊಂಡೆ. ತಪ್ಪು ನನ್ನದು, ಸರಿಯಾದ ಹಾಳೆ ಇದೋ ಇಲ್ಲಿದೆ ಎಂದು ತೋರಿಸಿದೆ. ಅವರು ಒಳ್ಳೆಯವರೇ, ಬೇಸರದಿಂದಲೇ ತಲೆಯಾಡಿಸಿದರು. ಸಹಿ ಹಾಕಿ ಕೊಟ್ಟ ಮೇಲೆ ಬದಲಾಯಿಸಲು ಬರುವುದಿಲ್ಲ, ಯಾರಿಗಾದರೂ ಪೆಟ್ಟಾಗಿ ಆಡಲಾಗದಿದ್ದರೆ ಮಾತ್ರ ಬೆಂಚಿನಿಂದ ಒಬ್ಬರನ್ನು ಸೇರಿಸಬಹುದು ಎಂದರು. ಇದೇ ಮಾತನ್ನು ನಾನು ಮೂವತ್ತು ವರ್ಷ ಎಷ್ಟೋ ಮದುವೆ ಮನೆಯವರಿಗೆ ಹೇಳಿದ್ದೇನೆ. ಕೇಳಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಹನ್ನೆರಡನೆಯವನಿಗೆ ವಿಷಯ ತಿಳಿಸಬೇಕಿತ್ತು. ಕೋಚ್ ಹೇಳುತ್ತೇನೆ ಎಂದರು. ಬೇಡ ಸಾರ್, ಮಾಡಿದವನು ನಾನು ಎಂದು ಮೈದಾನಕ್ಕಿಳಿದೆ. ಗೋಲಿನ ಮುಂದೆ ಇಬ್ಬರು ಕೀಪರುಗಳೂ ಅಭ್ಯಾಸ ಮಾಡುತ್ತಿದ್ದರು. ಹನ್ನೆರಡನೆಯವನ ಮುಖದಲ್ಲಿ ಅಂಥ ಕಳೆಯನ್ನು ನಾನು ಅದುವರೆಗೂ ನೋಡಿರಲಿಲ್ಲ. ಹಿರಿಯ ಕೀಪರ್ ಸಿಟ್ಟು ಗಿಟ್ಟು ಏನೂ ತೋರಿಸದೆ ಅವನಿಗೆ ಚೆಂಡು ಒದ್ದು ಒದ್ದು ಕೊಡುತ್ತಿದ್ದ. ಹತ್ತಿರ ಕರೆದು, ಆದದ್ದನ್ನು ಆದ ಹಾಗೇ ಹೇಳಿದೆ. ನಿಮ್ಮಮ್ಮನನ್ನು ಕೂರಿಸಿ ಬರುವ ಗಡಿಬಿಡಿಯಲ್ಲಿ ಎಂದು ಹೇಳಲು ಬಾಯಿಗೆ ಬಂತು, ನುಂಗಿಕೊಂಡೆ. ಅವನು ಗ್ಲೌಸಿನ ಪಟ್ಟಿಯನ್ನು ಒಮ್ಮೆ ಬಿಚ್ಚಿ ಮತ್ತೆ ಬಿಗಿದುಕೊಂಡ.

"ಪರವಾಗಿಲ್ಲ ಬಿಡಿ ಸಾರ್. ನಂಗೆ ಅಭ್ಯಾಸ ಇದೆ," ಎಂದ.

ಬೈದಿದ್ದರೆ ಚೆನ್ನಾಗಿತ್ತು. ಸ್ಟ್ಯಾಂಡಿನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಹಿರಿಯ ಕೀಪರ್ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಹೋಗಿ ಗೋಲಿನಲ್ಲಿ ನಿಂತ. ಸರಿ, ಅವನಿಗೆ ಅವನ ಜಾಗ ಸಿಕ್ಕಿತು, ಅವನೇನು ಮಾಡಿಯಾನು ಎಂದುಕೊಂಡೆ.

ಆಟ ಶುರುವಾಗಲು ಅರ್ಧ ಗಂಟೆ ಇತ್ತೇನೋ. ಸಹಾಯಕ ಕೋಚ್ ಒದ್ದ ಚೆಂಡು ಮೇಲಿನ ಮೂಲೆಗೆ ಹೋಯಿತು, ಹಿರಿಯ ಕೀಪರ್ ಅದಕ್ಕೆ ಹಾರಿ ಬಲ ಮಗ್ಗುಲಿಗೆ ಬಿದ್ದ. ಬಿದ್ದವನು ಕೂಡಲೇ ಏಳಲಿಲ್ಲ. ಎದ್ದು, ಬಲ ಭುಜ ಹಿಡಿದುಕೊಂಡು ಸೀದಾ ಫಿಸಿಯೋ ಹತ್ತಿರ ನಡೆದ. ಫಿಸಿಯೋ ಅಂಗಿ ಸರಿಸಿ ಮುಟ್ಟಿ ನೋಡಿ, ಕೋಚನ್ನು ಕರೆದರು. ಕೋಚ್ ರೆಫ್ರಿಯನ್ನು ಕರೆದರು, ರೆಫ್ರಿ ಕಮಿಷನರನ್ನು. ನಾಲ್ಕು ಜನ ಸುತ್ತ ನಿಂತು ಅದೇನೋ ಮಾತಾಡಿದರು. ಕೊನೆಗೆ ಕಮಿಷನರ್ ನನ್ನ ಹಾಳೆಯನ್ನು ತೆಗೆದು, ನನ್ನ ಅಚ್ಚುಕಟ್ಟಾದ ಅಕ್ಷರದ ಮೇಲೆ ಪೆನ್ನಿನಿಂದ ಗೀಟು ಎಳೆದು, ಪಕ್ಕದಲ್ಲಿ ಹನ್ನೆರಡನೆಯವನ ಹೆಸರು ಬರೆದರು. ನನ್ನ ಪ್ರಿಂಟಿನ ಮೇಲೆ ಒಬ್ಬರು ಗೀಟು ಹಾಕಿದ್ದನ್ನು ನೋಡಿ ನನಗೆ ಸಂತೋಷವಾದದ್ದು ಅದೇ ಮೊದಲು.

ತಂಡದವರೆಲ್ಲರಿಗೂ ಅರ್ಥವಾಯಿತು, ಕೀಪರ್ ನಾಟಕ ಮಾಡಿದ ಎಂದು. ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ತಟ್ಟಿದರು, ಏನ್ ಆಕ್ಟಿಂಗ್ ಗುರು ಎಂದು ಕಿವಿಯಲ್ಲಿ ಹೇಳಿ ಹೋದರು. ಅವನು ಸುಮ್ಮನೆ ನಕ್ಕ. ಕಮಿಷನರ್ ಅಪ್ಪಣೆ ಕೊಟ್ಟ ಮೇಲೆ ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂತ.

ಹನ್ನೆರಡನೇ ನಿಮಿಷಕ್ಕೇ ಗೋಲು ಬಿಟ್ಟುಕೊಟ್ಟೆವು. ಕಾರ್ನರಿನಿಂದ ಬಂದ ಚೆಂಡಿಗೆ ಹನ್ನೆರಡನೆಯವನು ಮುಂದೆ ಬಂದ, ಅಂದಾಜು ತಪ್ಪಿತು, ಚೆಂಡು ಅವನ ತಲೆಯ ಮೇಲಿಂದ ಹೋಯಿತು. ಈಗ ಅವನಿಗೇನಾದರೂ ಆದರೆ ನಿಲ್ಲಿಸಲು ಬೇರೆ ಕೀಪರೂ ಇಲ್ಲ. ಹಿರಿಯವನು ಮಾತ್ರ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು, ಪರವಾಗಿಲ್ಲ, ಮುಂದೆ ಬರೋದನ್ನ ನಿಲ್ಲಿಸಬೇಡ ಎಂದು ಕೂಗಿ ಹೇಳಿದ. ಕಾಲು ಗಂಟೆಯ ಮೇಲೆ ಇನ್ನೊಂದು ಕಾರ್ನರ್ ಬಂತು. ಹುಡುಗ ಮುಂದೆ ಬಂದ. ಎರಡೂ ಕೈಯಲ್ಲಿ ಚೆಂಡು ಹಿಡಿದ. ಎಡಕ್ಕೆ ಸ್ಟ್ಯಾಂಡಿನಲ್ಲಿ ಒಂದು ಕನಕಾಂಬರದ ತಲೆ ಎದ್ದು ನಿಂತಿದ್ದು ಆಗ ನನಗೆ ಕಾಣಿಸಿತು.

ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಎದುರಾಳಿಯ ಒಬ್ಬ ಒಂಟಿಯಾಗಿ ನುಗ್ಗಿದ. ನಮ್ಮವನು ಅವನ ಕಾಲಿನಿಂದಲೇ ಚೆಂಡು ಕಿತ್ತುಕೊಂಡ. ಎದ್ದವನು ಒಂದು ಕ್ಷಣವೂ ನಿಲ್ಲದೆ ಆ ನೀಳ ಕೈ ಬೀಸಿ ಚೆಂಡನ್ನು ಅರ್ಧ ಮೈದಾನದ ತನಕ ಎಸೆದ. ಅಲ್ಲಿ ನಮ್ಮ ಬಲಬದಿಯ ಹುಡುಗ ಒಬ್ಬನೇ ಇದ್ದ. ಅವನು ಓಡಿದ, ಗೋಲಿನ ಮುಂದಕ್ಕೆ ಕ್ರಾಸ್ ಮಾಡಿದ, ಯಾರದೋ ತಲೆಗೆ ತಗುಲಿ ಗೋಲಾಯಿತು. ಒಂದಕ್ಕೆ ಒಂದು. ನಾವೆಲ್ಲ ಬೆಂಚಿನಿಂದ ಹಾರಿ ಎರಡೂ ಕೈ ಮೇಲೆತ್ತಿ ಕುಣಿದೆವು.

ಪಕ್ಕಕ್ಕೆ ತಿರುಗಿದರೆ ಹಿರಿಯ ಕೀಪರೂ ಎದ್ದು ನಿಂತಿದ್ದ. ಎಡಗೈ ಆಕಾಶಕ್ಕೆ ಎತ್ತಿದ್ದ. ಬಲಗೈ ಎದೆಯ ತನಕ ಬಂದು ಅಲ್ಲೇ ನಿಂತಿತ್ತು. ಮುಖ ನಗುತ್ತಿತ್ತು, ಆದರೆ ಹಲ್ಲು ಕಚ್ಚಿಕೊಂಡಿದ್ದ. ಅದು ನಾಟಕ ಅಲ್ಲ. ಆ ಹೊತ್ತಿನಲ್ಲಿ ಅವನ ಕಡೆ ನೋಡುವವರು ಯಾರೂ ಇರಲಿಲ್ಲ.

ಕೂತ ಮೇಲೆ ಏನಪ್ಪಾ ಇದು ಎಂದು ಮೆಲ್ಲಗೆ ಕೇಳಿದೆ. ಹೋದ ವರ್ಷದಿಂದ ಹೀಗೇ ಎಂದ. ಕೈ ಮೇಲಕ್ಕೆ ಏಳುವುದಿಲ್ಲ, ಇಂಜೆಕ್ಷನ್ ತೆಗೆದುಕೊಂಡು ಆಡುತ್ತಿದ್ದೇನೆ, ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದ. ಹಿಂದಿನ ಸೀಸನ್ನಿನಲ್ಲಿ ಬಲಗಡೆ ಮೇಲಿನ ಮೂಲೆಗೆ ಹೋದ ಗೋಲುಗಳೆಲ್ಲ ಒಂದೊಂದಾಗಿ ನೆನಪಾದವು. ಅದಕ್ಕೆಲ್ಲ ನಾನು ಪಾಪ ರೈಟ್ ಬ್ಯಾಕನ್ನು ಬೈದಿದ್ದೆ.

"ಒಂದು ಮಾತು ಹೇಳಬಾರದಿತ್ತಾ? ನಾವೇನು ಹೊರಗಿನವರಾ?"

ಅವನು ಮೈದಾನದ ಕಡೆಯೇ ನೋಡುತ್ತಿದ್ದ.

"ಭಯ ಸಾರ್. ನೀವು ಹೆಸರು ಅಚ್ಚು ಹಾಕ್ಸಿದ್ರಿ. ಒಂದ್ಸಲ ಹೋದ್ರೆ ಮತ್ತೆ ಬರತ್ತೋ ಇಲ್ವೋ. ಇವತ್ತು ಅವನ ಹೆಸರಲ್ಲಿ ಒಂದು ನೆಪ ಸಿಕ್ತು."

ನಾನು ಅವನಿಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡು ಆ ಹಾಳೆ ಮಾಡಿಸಿದ್ದೆ. ಕಣ್ಣು ತುಂಬಿ ಬಂತು, ಧೂಳು ಎಂದು ಒರೆಸಿಕೊಂಡೆ. ಅವನ ಎಡಗೈ ಹಿಡಿದುಕೊಂಡೇ ಕೊನೆಯ ಶಿಳ್ಳೆ ಬೀಳುವವರೆಗೂ ಕೂತೆ. ಮ್ಯಾಚ್ ಡ್ರಾ ಆಯಿತು.

ಆಮೇಲೆ ಹಿರಿಯವನ ಭುಜಕ್ಕೆ ಆಪರೇಷನ್ ಆಯಿತು. ಆ ಸೀಸನ್ನಿನ ಉಳಿದ ಮ್ಯಾಚುಗಳಲ್ಲೆಲ್ಲ ಹನ್ನೆರಡನೆಯವನೇ ಗೋಲಿನಲ್ಲಿ ನಿಂತ. ಕೆಲವು ದಿನ ಚೆನ್ನಾಗಿ ಆಡಿದ, ಕೆಲವು ದಿನ ನಮ್ಮ ಜೀವ ತಿಂದ. ಮಂಡಿಗೆ ಹೋಗಲಿಲ್ಲ, ಮಾವನೇ ಈಗ ಮ್ಯಾಚಿಗೆ ಬರುತ್ತಾರೆ. ಈ ವರ್ಷ ಹಿರಿಯವನೂ ವಾಪಸ್ಸು ಬಂದಿದ್ದಾನೆ. ಭುಜ ಪೂರ್ತಿ ಮೇಲೇಳುತ್ತದೆ. ಕೋಚ್ ಇಬ್ಬರನ್ನೂ ಸರದಿಯಲ್ಲಿ ಆಡಿಸುತ್ತಾರೆ. ಒಬ್ಬನಿಗೆ ಮೈ ನೋವು ಎಂದರೆ ಅವನೇ ಬಂದು ಹೇಳುತ್ತಾನೆ, ಮಾರನೇ ವಾರ ಮತ್ತೆ ಅವನ ಹೆಸರು ಇರುತ್ತದೆ.

ಹಾಗೆಂದು ನಾನು ಪೂರ್ತಿ ಬದಲಾಗಿಬಿಟ್ಟೆ ಎಂದುಕೊಳ್ಳಬೇಡಿ. ಗೋಲಿನ ಮುಂದೆ ನಡುವೆ ನಿಲ್ಲುವ ಸೆಂಟರ್ ಬ್ಯಾಕ್ ಜೋಡಿಯನ್ನು ಬೇರೆ ಮಾಡಬಾರದು ಎಂದು ಈಗಲೂ ಪ್ರತಿ ಶುಕ್ರವಾರ ಕೋಚ್ ಜೊತೆ ಜಗಳ ಆಡುತ್ತೇನೆ. ಅದು ಗಂಡ ಹೆಂಡಿರ ಥರ, ಅವರನ್ನು ಅವರ ಪಾಡಿಗೆ ಬಿಡಬೇಕು. ಕೋಚ್ ನಗುತ್ತಾರೆ, ಕನ್ನಡಕ ತಂದಿದೀರಾ ಸಾರ್ ಎಂದು ಕೇಳಿ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಈಗ ಕನ್ನಡಕ ಹಾಕಿಕೊಂಡೇ ನೋಡುತ್ತೇನೆ. ಅಚ್ಚಾದ ಹಳೆಯ ಹಾಳೆಗಳ ಹಿಂಬದಿಯನ್ನು ಲಗ್ನಪತ್ರಿಕೆಯ ಪ್ರೂಫ್ ತೆಗೆಯಲು ಬಳಸಿ ಮುಗಿಸಿದೆ. ಹೊಸದಾಗಿ ಒಂದು ಕಟ್ಟು ಅಚ್ಚು ಹಾಕಿಸಿದ್ದೇನೆ. ಅದರಲ್ಲಿ ಬರೀ ಸಾಲುಗಳಿವೆ. ಹೆಸರೇ ಇಲ್ಲದ ಪಟ್ಟಿಯನ್ನು ನಾನು ಪ್ರಿಂಟ್ ಮಾಡಿದ್ದು ಇದೇ ಮೊದಲು.

ಮೊನ್ನೆ ಗುರುವಾರ ಬೆಳಿಗ್ಗೆ ಪ್ರೆಸ್ಸಿಗೆ ಬರುವಾಗ ಮೆಂತ್ಯ ಸೊಪ್ಪಿಗೆ ನಿಂತೆ. ಆಯಮ್ಮ ಕಂತೆ ಆರಿಸುತ್ತ, ತಲೆ ಎತ್ತದೆ ಕೇಳಿದರು.

"ಈ ಸಲ ಇದಾನಾ ಅಣ್ಣಾ?"

"ಗೊತ್ತಿಲ್ಲಮ್ಮ. ಇನ್ನೂ ಬರ್ದಿಲ್ಲ."

ಆಯಮ್ಮ ತಲೆ ಎತ್ತಿ ನನ್ನನ್ನು ನೋಡಿದರು.

"ಹಂಗಂದ್ರೆ ಹೆಂಗಣ್ಣಾ? ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಲೋ ಬೇಡ್ವೋ, ಅದಾದ್ರೂ ಹೇಳು."

ಮುಚ್ಚಮ್ಮ ಎಂದೆ.